ಡಾಕ್ಟರ ಮುಂದೆ ಮಾಯವಾದ ಬಿ.ಪಿ.

ಸೈನ್ಯದಲ್ಲಿ ನಮ್ಮವರ ಜೊತೆಗಿದ್ದವರ ಮಕ್ಕಳೇ, ಮೊಮ್ಮಕ್ಕಳೇ, ಈ ಗ್ರೂಪಿನಲ್ಲಿ ಬರೀ ಫೋಟೋ ನೋಡಿ ಹಲ್ಲು ಕಿರಿಯುತ್ತೀರಲ್ಲ, ಇದನ್ನೂ ಸ್ವಲ್ಪ ಓದಿ. ಗಡಿ ಕಾಯುತ್ತಲೇ ನಮ್ಮ ಯಜಮಾನರಿಗೆ ಬಿ.ಪಿ. ಹತ್ತಿಕೊಂಡಿತು; ಒಂದು ಸಲ ಅಲ್ಲೇ ಕುಸಿದು ಬಿದ್ದಿದ್ದರು. ಅದಕ್ಕೆ ಪಿಂಚಣಿ ಕೇಳಿದರೆ ಸೈನ್ಯದವರು "ಸೇವೆಯಿಂದ ಬಂದದ್ದಲ್ಲ, ಮನೆಯಿಂದ ಬಂದ ಕಾಯಿಲೆ" ಎಂದು ಅರ್ಜಿ ತಿರಸ್ಕರಿಸಿದ್ದಾರೆ. ಮೇಲ್ಮನವಿಗೆ ಸರ್ಟಿಫಿಕೇಟು ಬೇಕೆಂದು ಇವತ್ತು ಭದ್ರಾವತಿಯಿಂದ ಶಿವಮೊಗ್ಗಕ್ಕೆ, ಮಿಲಿಟರಿಯಲ್ಲಿದ್ದ ಡಾಕ್ಟರ ಬಳಿ ಹೋದೆವು.

"ಏನ್ರೀ ತೊಂದರೆ?" ಎಂದು ಡಾಕ್ಟರು ಕೇಳಿದ್ದೇ ತಡ, ಇವರು ಎದ್ದು ನೆಟ್ಟಗೆ ನಿಂತು, "ಏನೂ ಇಲ್ಲ ಸಾಬ್!" ಎಂದರು.

"ಅಯ್ಯೋ ಮಾರಾಯ್ರೆ, ಬಸ್ಸಲ್ಲಿ ಮಲವಗೊಪ್ಪ ದಾಟೋವರೆಗೂ ತಲೆಸುತ್ತು ಅಂತ ನನ್ನ ಭುಜಕ್ಕೆ ಒರಗಿದ್ದು ಯಾರು?" ಎಂದೆ.

ಡಾಕ್ಟರು ನಗಲಿಲ್ಲ. ಎರಡು ಸಲ ಬಿ.ಪಿ. ನೋಡಿ, "ಬಿ.ಪಿ. ಜೋರಾಗೇ ಇದೆ. ಆದರೆ ಗಡಿಯಲ್ಲೇ ಶುರುವಾಯ್ತು ಅನ್ನೋಕೆ ಜೊತೆಗಿದ್ದವರ ಸಾಕ್ಷಿ ತನ್ನಿ ಅಮ್ಮ" ಎಂದರು.

ಇವರು ಅಲ್ಲಿ ಕುಸಿದು ಬಿದ್ದದ್ದನ್ನು ನಿಮ್ಮ ಅಪ್ಪನೋ ಅಜ್ಜನೋ ನೋಡಿದ್ದರೆ, ಮುಂದಿನ ತಿಂಗಳು ಹುಟ್ಟುವುದರೊಳಗೆ ನನಗೆ ಉತ್ತರ ಬರೆಯಿರಿ. ಇವರನ್ನು ಮಾತ್ರ ಕೇಳಬೇಡಿ, ಎದ್ದು ನಿಂತುಬಿಡುತ್ತಾರೆ.