ಪದ್ಮತ್ತೆಗೆ ಬಡಿಸಿದ ದಿನ

ವೇಲಚೇರಿಯ ನಮ್ಮ ಫ್ಲಾಟಿನ ಪಕ್ಕದವರು ಸಾರಿನಪುಡಿಗೆ ಹುರಿಯುವಾಗ ಕೊತ್ತಂಬರಿ ಬೀಜ, ಮೆಣಸಿನಕಾಯಿಯ ಘಾಟು ಕಿಟಕಿಯಿಂದ ಒಳಗೆ ಬರುತ್ತದೆ. ಬೇರೆಯವರಿಗೆ ಬಾಯಲ್ಲಿ ನೀರೂರಬಹುದು. ನನಗೆ ಸಿಟ್ಟು ಬರುತ್ತದೆ. ನಾನು ಬೆಳೆದ ಟ್ರಿಪ್ಲಿಕೇನಿನ ಮನೆ ಈಗಿಲ್ಲ. ಆದರೆ ಅದರ ಅಡುಗೆಮನೆಯ ಹೊಗೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತ ಪದ್ಮತ್ತೆ ಹಾಗೇ ಕಣ್ಣಮುಂದೆ ಬರುತ್ತಾಳೆ. ಅಪ್ಪನ ತಂಗಿ, ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ತವರಿಗೆ ಬಂದವಳು. ಬೆಳಗಿನ ಕಾಫಿಯಿಂದ ಹಿಡಿದು ಇಡೀ ಮನೆ ಉಂಡದ್ದು ಅವಳ ಕೈಯಿಂದಲೇ. ಎಲ್ಲರದೂ ಆದಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ಒಬ್ಬಳೇ ಕೂತು ತಿನ್ನುತ್ತಿದ್ದಳು. ಉಪ್ಪು ಕಡಿಮೆಯಾದ ದಿನ ದೊಡ್ಡಪ್ಪ ಹಜಾರದಿಂದಲೇ ಕೂಗುತ್ತಿದ್ದರು. ಸರಿಯಾಗಿದ್ದ ದಿನ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬೇಕು.

ಮಹಡಿಯಲ್ಲಿ ಬಾಡಿಗೆಗಿದ್ದ ಸೆಲ್ವಿ ಆಂಟಿ ಬೆಸೆಂಟ್ ನಗರದ ಶಾಲೆಯೊಂದರಲ್ಲಿ ಟೀಚರ್. ಅವರಿಗೆ ಹೆರಿಗೆಯಾದಾಗ ನೋಡಿಕೊಳ್ಳಲು ತಾಯಿ ಇರಲಿಲ್ಲ. ಯಾರೂ ಹೇಳದೆಯೇ ಅತ್ತೆ ದಿನವೂ ಬಿಸಿ ಅನ್ನ, ಮೆಣಸಿನ ಸಾರು ಮೇಲಕ್ಕೆ ಒಯ್ದಳು. ಬಾಣಂತನ ಮುಗಿದ ಮೇಲೆ ಒಂದು ಮಧ್ಯಾಹ್ನ ಸೆಲ್ವಿ ಆಂಟಿ ಕೆಳಗಿಳಿದು ಬಂದು, ಕೂಸನ್ನು ನನ್ನ ಮಡಿಲಿಗೆ ಕೊಟ್ಟು, ಸೀದಾ ಅಡುಗೆಮನೆಗೆ ಹೋಗಿ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡರು.

"ಅಕ್ಕಾ, ನೀಂಗ ಉಕ್ಕಾರುಂಗ. ನಾನ್ ಪರಿಮಾರ್ರೇನ್," ಎಂದರು. ನೀವು ಕೂತುಕೊಳ್ಳಿ, ನಾನು ಬಡಿಸುತ್ತೇನೆ ಎಂದು.

ಎಲೆ ಹಾಕಿ, ನೀರು ಚಿಮುಕಿಸಿ, ಅನ್ನದ ಮೇಲೆ ತುಪ್ಪ ಬಿಟ್ಟರು. ಅತ್ತೆಗೆ ತುತ್ತು ಎತ್ತಲಾಗಲಿಲ್ಲ. "ನಂಗೆ ಯಾರೂ ಬಡಿಸಿ ಅಭ್ಯಾಸ ಇಲ್ಲ ಕಣಮ್ಮ," ಎಂದು ಅತ್ತುಬಿಟ್ಟಳು.

ದೊಡ್ಡಪ್ಪ ಬಾಗಿಲಿಗೆ ಬಂದರು. "ಕಂಡೋರ್ನೆಲ್ಲ ಒಳಗೆ ಬಿಟ್ಕೊಂಡು ಮಡಿ ಕೆಡಿಸ್ತಿದೀಯಾ? ಏಳು ಮೇಲೆ."

ಅತ್ತೆ ಏಳಲಿಲ್ಲ. ತಲೆಯೆತ್ತದೆ, ನಿಧಾನವಾಗಿ, ಎಲೆಯ ಮೇಲಿದ್ದುದನ್ನೆಲ್ಲ ಉಂಡಳು.

ಆ ಊಟದ ಮೇಲೆ ಅವಳು ಬೇರೆಯೇ ಹೆಂಗಸಾದಳು. ಆಂಟಿಯ ಶಾಲೆಯ ಹಾಸ್ಟೆಲಿನಲ್ಲಿ ಪುಟ್ಟ ಹುಡುಗಿಯರನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ಅತ್ತೆ ತಾನು ಹೋಗುತ್ತೇನೆ ಎಂದಳು. ಚೀಲ ಹಿಡಿದು ಹೊರಟವಳನ್ನು ದೊಡ್ಡಪ್ಪ ಹೊಸ್ತಿಲಲ್ಲಿ ತಡೆದರು. "ಅನ್ನ ಹಾಕಿದ ಮನೆಗೆ ಇಷ್ಟೇನಾ ನಿನ್ನ ಕೃತಜ್ಞತೆ?"

"ಆ ಅನ್ನ ಬೇಯಿಸಿದ್ದು ನಾನು, ಅಣ್ಣಯ್ಯ," ಎಂದಳು ಅತ್ತೆ. ಅವಳ ದನಿ ಏರಲಿಲ್ಲ. ನಮ್ಮ ಮನೆಯಲ್ಲಿ ಕೃತಜ್ಞತೆ ಎಂಬ ಪದ ಕೇಳಿದ್ದು ಅದೇ ಮೊದಲು, ಅದೂ ಅವಳ ಮೇಲೆ ಎಸೆಯಲು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಉಳಿದ ಬದುಕನ್ನೆಲ್ಲ ಅವಳು ಅಲ್ಲೇ ಕಳೆದಳು. ಹೋದ ವರ್ಷ ತೀರಿಕೊಂಡಾಗ ಹಾಸ್ಟೆಲಿನ ಹಜಾರದಲ್ಲಿ ಮಲಗಿಸಿದ್ದರು. ಅವಳಿಂದ ಜಡೆ ಹಾಕಿಸಿಕೊಂಡ ಹುಡುಗಿಯರು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದು ಅಳುತ್ತಿದ್ದರು. ಹಣ್ಣು ಹಣ್ಣು ಮುದುಕರಾದ ದೊಡ್ಡಪ್ಪ ನನ್ನ ತೋಳು ಹಿಡಿದು ನಿಂತಿದ್ದರು.

"ಅವಳ ಅಡುಗೆ ತುಂಬ ಚೆನ್ನಾಗಿರ್ತಿತ್ತು ಕಣೆ," ಎಂದರು.

"ಅವಳಿಗೆ ಹೇಳಿದ್ರಾ ದೊಡ್ಡಪ್ಪ?"

"ಹೇಳ್ಬೇಕು ಅನ್ಸಿತ್ತು, ಎಷ್ಟೋ ಸಲ. ಸ್ವಂತ ತಂಗಿಗೆ ಏನು ಹೇಳೋದು ಅಂತ ಸುಮ್ನಾದೆ."

ಏನೂ ಅನ್ನಿಸಿರಲಿಲ್ಲ ಎಂದಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ಅನ್ನಿಸಿತ್ತಂತೆ. ಅನ್ನಿಸಿಯೂ ಅಷ್ಟು ವರ್ಷ ಅವಳೆದುರೇ ಕೂತು, ಉಂಡು, ಕೈ ತೊಳೆದು ಎದ್ದು ಹೋಗಿದ್ದರು. ನಾನು ತೋಳು ಬಿಡಿಸಿಕೊಂಡೆ. ಅವರು ಗೋಡೆ ಹಿಡಿದು ಮೆಲ್ಲಗೆ ಕುಸಿದು ಕೂತು, ಬಗ್ಗಿ, ಅತ್ತೆಯ ಕಿವಿಯ ಹತ್ತಿರ ಏನೋ ಹೇಳತೊಡಗಿದರು. ಕೇಳಿಸಿಕೊಳ್ಳಲು ನಾನು ನಿಲ್ಲಲಿಲ್ಲ.