ಬೀಸೂಕಲ್ಲಿನ ಎದುರಿನಾಕಿ

ಇವತ್ತ ಮುಂಜಾನೆ ಏಕಸಂಬಿಯೊಳಗ ಬಸ್ಸಿಳಿದ್ನೋ ಇಲ್ಲೋ, ಎಲ್ಲಿಂದಲೋ ಕಬ್ಬಿನ ಹಾಲು ಕುದಿಯೂ ವಾಸನಿ ಬಂತ ನೋಡ್ರಿ. ಬೆಲ್ಲದ ವಾಸನಿಗೆ ಎಲ್ಲಾರಿಗೂ ಬಾಯಾಗ ನೀರ ಬರ್ತೈತಿ, ನನಗ ಗಂಗಾ ಮಾವಶಿ ನೆನಪ ಬರ್ತಾಳ. ಮಾವಶಿ ಅಂದ್ರ ನಮ್ಮವ್ವನ ತಂಗಿ. ಹೋದ ವರ್ಷ ಹಿಂಗ ಬೆಲ್ಲ ಕುದಿಯೂ ದಿನದಾಗ ನಾ ಆಕಿಗೆ ಫೋನಿನ್ಯಾಗ ಹುಡುಕೂದು ಕಲಿಸಿದ್ದೆ.

ಕಲಿಸಿದ್ದೆ ಅನ್ನೂದು ದೊಡ್ಡ ಮಾತಾತು. ಚಿಕ್ಕೋಡಿಯೊಳಗ ಒಂದೀಟು ಕಂಪ್ಯೂಟರ್ ಕ್ಲಾಸಿಗೆ ಹೋದಾಕಿ ನಾ, ಅಷ್ಟಕ್ಕ ಗುರುವಾಗಿ ಕುಂತಿದ್ದೆ. "ಇಲ್ಲಿ ಒತ್ತು, ಏನ್ ಬೇಕೋ ಬರಿ" ಅಂದೆ. ಮಾವಶಿ ಕನ್ನಡಕ ಏರಿಸಿ, ಒಂದೊಂದ ಅಕ್ಷರ ಕುಟ್ಟಿ ಬರದದ್ದೇನು ಅಂತೀರಿ? "ನಮಸ್ಕಾರ್ರಿ. ನಾವು ಜುಗೂಳದ ಮಗಳು, ಏಕಸಂಬಿ ಸೊಸಿ. ತಾವು ಆರಾಮ ಅದೀರೇನು? ನಮ್ಮ ಗೆಳತಿ ತಾರವ್ವನ ಸುದ್ದಿ ಇದ್ರ ತಿಳಸ್ರಿ."

ನಾ ಹೊಟ್ಟಿ ಹಿಡಕೊಂಡ ನಕ್ಕೆ. "ಮಾವಶಿ, ಅದು ಮನಶ್ಯಾ ಅಲ್ಲ. ಎರಡ-ಮೂರ ಶಬ್ದ ಸಾಕು."

"ಅಲ್ಲ ಬೇ, ಯಾರ ಪೈಕಿ ಅಂತ ಹೇಳದನ ಕೇಳಿದ್ರ ಯಾರ ಹೇಳ್ತಾರ?"

ಖರೇನ ಅಲ್ಲೇನ್ರಿ? ನಮ್ಮ ಕಡೆ ಹೊಳಿ ದಾಟೂ ದೋಣಿಯೊಳಗ ಕುಂತ್ರೂ ಮೊದ್ಲ ಊರು, ತವರು, ಆಮ್ಯಾಲ ಮಾತು.

"ತಾರವ್ವ" ಅಂತಷ್ಟ ಬರದ್ವಿ. ದೇಶದಾಗಿನ ತಾರವ್ವಗೋಳೆಲ್ಲಾ ಬಂದ್ರು, ಆಕಿ ಬರಲಿಲ್ಲ. ಬರೂದರ ಹೆಂಗ? ಜುಗೂಳದಾಗ ಇಬ್ರೂ ಒಂದ ಬೀಸೂಕಲ್ಲಿಗೆ ಎದರಾ-ಬದರಾ ಕುಂತ ಹಾಡಿ ಬೆಳದಾವ್ರು. ತಾರವ್ವನ ಕೊಟ್ಟಿದ್ದು ಮಿರಜದ ಆಚಿ, ಮರಾಠಿ ಸೀಮಿಗೆ. ಆ ಕಡೆ ಲಗ್ನದಾಗ ಸೊಸಿ ಹೆಸರ ಬದಲ ಮಾಡ್ತಾರ, ತಾಟಿನ ಅಕ್ಕಿಯೊಳಗ ಗಂಡ ಹೊಸಾ ಹೆಸರ ಬರೀತಾನ. ಮಾವಶಿ ಆಗ ಬಾಣಂತಿ, ಲಗ್ನಕ್ಕ ಹೋಗಲಿಲ್ಲ. ಮುಂದ ತಾರವ್ವನ ತವರಿನಾವ್ರೂ ಊರ ಬಿಟ್ರು. ಆ ಹೊಸಾ ಹೆಸರ ಹೇಳಾವ್ರ ಯಾರೂ ಉಳೀಲಿಲ್ಲ.

"ಆಕಿ ಅದಾಳೋ ಇಲ್ಲೋ, ಅಷ್ಟ ಗೊತ್ತಾದ್ರ ಸಾಕ ನನಗ" ಅಂದ್ಲು ಮಾವಶಿ. ನನ್ನ ನಗು ಅಲ್ಲೇ ನಿಂತಿತು.

ಹೆಸರ ಬಿಟ್ಟ ಹುಡುಕೂನು ಅಂದೆ. ಹೆಸರ ಬದಲಾದ್ರೂ ತವರು ಬದಲಾಗೂದಿಲ್ಲಲ್ಲ! "ಬೀಸೂ ಹಾಡು, ಮಿರಜ, ಜುಗೂಳ" ಅಂತ ಬರದ್ವಿ. ಮರಾಠಿಯೊಳಗೂ ಬರದ್ವಿ. ಕೆಳಗ, ಭಾಳ ಕೆಳಗ, ಒಂದ ಜಾಲತಾಣ ಸಿಕ್ತು. ಯಾರೋ ಪುಣ್ಯಾತ್ಮರು ಹಳ್ಳಿ ಹೆಣ್ಮಕ್ಕಳ ಹಾಡ ಕೂಡಿಸಿಟ್ಟಿದ್ರು. ಒಂದ ಕಡೆ "ಸುಮನ, ತವರು ಜುಗೂಳ" ಅಂತಿತ್ತು. ಒತ್ತಿದ್ವಿ.

ಕಲ್ಲಿನ ಗರಗರ ಸಪ್ಪಳ, ಅದರ ಹಿಂದ ಒಂದ ತೆಳ್ಳಾನ ದನಿ, ಮರಾಠಿ ಹಾಡು. ಬೀಸೂಕಲ್ಲ ಮುಟ್ಟಿ ಗೊತ್ತಿಲ್ಲದ ನನಗೂ ಮನಿ ತುಂಬ ಜ್ವಾಳದ ಹಿಟ್ಟ ಹಾರಿದಂಗಾತು. ಹೊತ್ತು ಯಾವುದು, ಊರು ಯಾವುದು, ಒಂದೂ ತಿಳೀಲಿಲ್ಲ.

"ಆಕೀನ" ಅಂದ್ಲು ಮಾವಶಿ, ಉಸರಿನ್ಯಾಗ.

ಹಾಡಿನ ಕೆಳಗ, ಹಾಡಿದಾಕಿ ತೀರಿಕೊಂಡಾಳ ಅಂತ ಸಣ್ಣ ಅಕ್ಷರದಾಗ ಬರದಿತ್ತು. ಓದಿ ಹೇಳಿದೆ. ಮಾವಶಿ ಅಳಲಿಲ್ಲ, "ಇನ್ನೊಮ್ಮೆ ಹಚ್ಚ" ಅಂದ್ಲು.

ಆ ದನಿ ಒಂದ ಸಾಲು ಹಾಡಿ ಸುಮ್ಮನಾಗ್ತಿತ್ತು. ಆಮ್ಯಾಲ ಕಲ್ಲಷ್ಟ ತಿರಗ್ತಿತ್ತು. ಮುಂದಿನ ಸಾಲು ಎದುರಿನಾಕಿ ಹಾಡಬೇಕು, ಅಲ್ಲಿ ಎದುರಿಗೆ ಯಾರೂ ಇರಲಿಲ್ಲ. ಮಾವಶಿ ಕಣ್ಣ ಮುಚ್ಚಿ, ಆ ಖಾಲಿ ಜಾಗಾದಾಗ, ಕನ್ನಡದಾಗ ಹಾಡಿದ್ಲು.

ಇವತ್ತ ನನ್ನ ಕರಿಸಿದಾಕೀನೂ ಮಾವಶೀನ. "ನನ್ನ ಹಾಡೂ ತಾರವ್ವನ ಹಾಡ ಇದ್ದಲ್ಲಿ ಇಡಾಕ ಬರ್ತೈತೇನ ನೋಡ ಬೇ. ಯಾರರ ಹುಡಿಕ್ಯಾರು" ಅಂದ್ಲು. ರಿಕಾರ್ಡ್ ಹಚ್ಚಿ ಫೋನ ಎದುರಿಗೆ ಹಿಡದ ಕುಂತೆ. ಒಂದ ಸಾಲು ಹಾಡಿ ಸುಮ್ಮನಾದ್ಲು. ಮರತ್ಲೇನೋ ಅಂತ ನಾ ಬಾಯಿ ತಗದ್ರ, ಕೈ ಎತ್ತಿ ತಡದ್ಲು. ಸ್ವಲ್ಪ ಹೊತ್ತಿನ ಮ್ಯಾಲ ಮತ್ತ ಚಾಲೂ ಮಾಡಿದ್ಲು.

ಮುಗದ ಮ್ಯಾಲ ಹೇಳಿದ್ಲು: "ನಡುವಿನ ಸಾಲು ತಾರವ್ವಂದು. ಹಂಗ ಇರ್ಲಿ."