ಕೂಸಿನ ಖೋಲಿಯ ಹತ್ತಿ ಕುರಿಗಳು

ಕೆಂಚವ್ವನ ಮಗಳು ಕಾಶಿ ತೀರಿಕೊಂಡದ್ದು ನಿದ್ದೆಯಲ್ಲಿ.

ಗೋಕಾಕದ ಕಡೆಯ ಒಂದು ನೂಲಿನ ಗಿರಣಿಯಲ್ಲಿ ದುಡಿಯುವ ಹೆಂಗಸರು ತಮ್ಮ ಮಕ್ಕಳನ್ನು ಬಿಟ್ಟುಹೋಗಲು ಉದ್ದನೆಯ ಕೋಣೆಯೊಂದಿತ್ತು. ಎಲ್ಲರೂ ಅದನ್ನು ಕೂಸಿನ ಖೋಲಿ ಎನ್ನುತ್ತಿದ್ದರು. ೧೯೩೩ರ ಚಳಿಗಾಲದ ಒಂದು ಮಧ್ಯಾಹ್ನ ಊಟದ ಬಿಡುವಿಗೆ ಗಿರಣಿಯ ಭೋಂಗಾ ಕೂಗಿತು. ಕೆಂಚವ್ವ ತಲೆಗೂದಲಿಗೆ ಅಂಟಿದ ಹತ್ತಿಯನ್ನೂ ಕೊಡವದೆ ಓಡಿಬಂದು ಮಗಳನ್ನು ಎತ್ತಿಕೊಂಡಳು. ಕೂಸಿನ ತಲೆ ಹಿಂದಕ್ಕೆ ಜೋತುಬಿತ್ತು.

"ಥಂಡಿ ಬಡೀತು," ಎಂದಿತು ಗಿರಣಿಯ ಕೆಲಸಗಾರರು ಇರುವ ಚಾಳಿನ ಮಂದಿ. ಕೆಂಚವ್ವ ಹೌದೆಂದು ತಲೆ ಆಡಿಸಿದಳು. ಆದರೆ ಕಾರಣ ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಹೊರಡುವ ಮುಂಚೆ ಅಳುವ ಮಕ್ಕಳ ಬಾಯಿಗೆ ಸಾಸಿವೆಯಷ್ಟು ಅಫೀಮಿನ ಗುಳಿಗೆ ಹಾಕುವುದು ಅಲ್ಲಿಯ ತಾಯಂದಿರ ರೂಢಿ. ಕಾಶಿ ಹಿಂದಿನ ರಾತ್ರಿಯೆಲ್ಲ ಕೆಮ್ಮಿ ಅತ್ತಿದ್ದಳು. ಬೆಳಿಗ್ಗೆ ಕೆಂಚವ್ವ ಗುಳಿಗೆಯನ್ನು ಒಂಚೂರು ದೊಡ್ಡದು ಮಾಡಿದ್ದಳು. ಇದನ್ನು ಅವಳು ಗಿರಣಿಯ ಭಟ್ಟಿಯ ಬೆಂಕಿ ನೋಡಿಕೊಳ್ಳುವ ಗಂಡ ಮುರಿಗೆಪ್ಪನಿಗೂ ಹೇಳಲಿಲ್ಲ.

ಮತ್ತೆ ಗಿರಣಿಗೆ ಹೋದಳು. ಯಂತ್ರಗಳ ಗದ್ದಲದ ಒಳಗಿನಿಂದ ಕೂಸು ಅಳುವುದು ಕೇಳುತ್ತಿತ್ತು. ತಿರುಗಿ ನೋಡುವಷ್ಟರಲ್ಲಿ ನೂಲು ತುಂಡಾಗುತ್ತಿತ್ತು. ಮಧ್ಯಾಹ್ನ ಭೋಂಗಾ ಕೂಗಿದರೆ ಕಾಲುಗಳು ತಾವಾಗಿ ಕೂಸಿನ ಖೋಲಿಯ ಕಡೆ ನಡೆಯುತ್ತಿದ್ದವು. ಉಳಿದ ತಾಯಂದಿರು ಮೊಲೆಯೂಡಿಸುವಾಗ ಇವಳು ಬರಿಯ ಉಡಿಯಲ್ಲಿ ಕೈ ಇಟ್ಟುಕೊಂಡು ಗೋಡೆಗೊರಗಿ ಕೂಡುತ್ತಿದ್ದಳು. ಅವರು ಮಕ್ಕಳಿಗೆ ಸೆರಗು ಮುಚ್ಚಿ ಆಚೆ ಸರಿಯುತ್ತಿದ್ದರು.

ಖೋಲಿ ನೋಡಿಕೊಳ್ಳುತ್ತಿದ್ದ ಮುದುಕಿ ಸಾತವ್ವ ಮಾತ್ರ ಅವಳನ್ನು ಎಬ್ಬಿಸಿ ಕಳಿಸಲಿಲ್ಲ. ವರ್ಷ ತುಂಬುವ ಹೊತ್ತಿಗೆ ಒಂದು ದಿನ, "ಹೆಂಗೂ ದಿನಾ ಬರ್ತಿ. ನನ್ನ ಮೊಣಕಾಲು ಏಳವಲ್ಲವು. ನನ್ನ ಕೈಕೆಳಗ ಇಲ್ಲೇ ಕೆಲಸಕ್ಕ ನಿಲ್ಲು," ಎಂದು ಮೇಸ್ತ್ರಿಗೆ ಹೇಳಿ ಇಟ್ಟುಕೊಂಡಳು.

ಕೆಂಚವ್ವ ಕಸ ಹೊಡೆದಳು, ನೀರು ಕಾಸಿದಳು. ಆದರೆ ಮಲಗಿದ ಮಗುವನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಹತ್ತಿಯ ಎಳೆಯೊಂದನ್ನು ಮಗುವಿನ ಮೂಗಿನ ಮುಂದೆ ಹಿಡಿದು, ಅದು ಅಲುಗುವುದನ್ನು ನೋಡುತ್ತಿದ್ದಳು. ಅಲುಗಿದ್ದು ಸಾಲದೆಂಬಂತೆ ಭುಜ ಹಿಡಿದು ಎಬ್ಬಿಸಿಬಿಡುತ್ತಿದ್ದಳು. ಮಕ್ಕಳು ಬೆಚ್ಚಿ ಕಿರುಚುತ್ತಿದ್ದವು.

"ಆಕಿಗೆ ಗಾಳಿ ಬಡದೈತಿ. ನಮ್ಮ ಕೂಸು ಆಕಿ ಕೈಯಾಗ ಕೊಡಬ್ಯಾಡ್ರಿ," ಎಂದು ತಾಯಂದಿರು ಸಾತವ್ವನಿಗೆ ದೂರಿದರು.

ಸಾತವ್ವ ಕೆಂಚವ್ವನನ್ನು ಬಾಜೂಕ್ಕೆ ಕೂಡಿಸಿಕೊಂಡಳು. "ಕೂಸು ಮಲಗಬಾರದು ಅಂದ್ರ ಅದರ ಕೈಯಾಗ ಏನರೆ ಕೊಡವಾ. ಬರೇ ಅಲುಗಾಡಿಸಿದ್ರ ಏನು ಬಂತು?"

ಮರುದಿನ ಕೆಂಚವ್ವ ಗಿರಣಿಯಿಂದ ಹೊರಬಿದ್ದ ಹತ್ತಿಯನ್ನು ಉಡಿ ತುಂಬ ತಂದಳು. ಜೋಳದ ಗಂಜಿಯನ್ನು ಗಟ್ಟಿಯಾಗಿ ಕುದಿಸಿ ಆರಿಸಿದಳು. ನಡೆಯಲು ಕಲಿತ ಮಕ್ಕಳನ್ನೆಲ್ಲ ಎಳೆಬಿಸಿಲಿನ ಕಟ್ಟೆಯ ಮೇಲೆ ಕೂಡಿಸಿ, ಹೆಬ್ಬೆರಳು ಗಾತ್ರದ ಮಣ್ಣಿನ ಮುದ್ದೆಗಳಿಗೆ ಗಂಜಿ ಹಚ್ಚಿ ಮುಂದಿಟ್ಟಳು. ಮಕ್ಕಳು ಹತ್ತಿ ಹಿಂಜಿ ಹಿಂಜಿ ಅದಕ್ಕೆ ಅಂಟಿಸಿದವು. ಜೋಳದ ದಂಟಿನ ಸಿಬಿರು ಚುಚ್ಚಿದರೆ ಕಾಲಾದವು. ಕುರಿಯಾಯಿತು. ಮಕ್ಕಳ ಮೂಗಿಗೂ ಹುಬ್ಬಿಗೂ ಹತ್ತಿ ಮೆತ್ತಿಕೊಂಡು ಅವೂ ಕುರಿಗಳಂತೆಯೇ ಕಂಡವು. ಇನ್ನೊಂದು ದಿನ ದಂಟಿನ ಬೆಂಡನ್ನು ಚೂರು ಮಾಡಿ ದಾರಕ್ಕೆ ಪೋಣಿಸಿದವು. ಮತ್ತೊಂದು ದಿನ ಕೆಮ್ಮಣ್ಣು ಕಲಸಿ ಗೋಡೆಗೆ ಅಂಗೈ ಒತ್ತಿದವು. ಗೋಡೆ ತುಂಬ ಪುಟ್ಟ ಕೆಂಪು ಕೈಗಳು.

ಹತ್ತಿ ಹಂಚುವಾಗ ಕೆಂಚವ್ವ ಒಂದು ಪಾಲು ಖಾಲಿ ಜಾಗದ ಮುಂದೆ ಇಡುತ್ತಿದ್ದಳು. ಶಿವವ್ವನೆಂಬಾಕೆಯ ಮಗ, ಎರಡು ವರ್ಷದ ರಾಜ್ಯಾ, ಒಂದು ದಿನ ಆ ಜಾಗ ತೋರಿಸಿ, "ಕಾಶಿ ಅಳಾಕತ್ತಾಳ," ಎಂದ.

ಕೆಂಚವ್ವ ಗಂಜಿಯ ಬೋಗುಣಿ ಬಿಟ್ಟು ಎದ್ದಳು. ಕಾಶಿ ಹೋದಾಗ ಆ ಹುಡುಗ ಕೈಗೂಸು. ಸಾತವ್ವನ ಬಳಿ ಓಡಿ, "ಇವಗ ಆಕಿ ಹೆಸರು ಯಾರು ಹೇಳಿದ್ರು?" ಎಂದಳು.

"ನೀನಾ. ದಿನಾ ಹತ್ತಿ ಇಡುವಾಗ ಅಂತೀದಿ, ಅಳಬ್ಯಾಡ ಕಾಶಿ, ಅಳಬ್ಯಾಡ ಅಂತ. ನಿನಗ ಗೊತ್ತಿಲ್ಲೇನು?"

ಅವಳಿಗೆ ಗೊತ್ತಿರಲಿಲ್ಲ.

ಸಂಕ್ರಮಣದ ಹಿಂದಿನ ವಾರ ಚಳಿ ಬಿರುಸಾಯಿತು. ರಾಜ್ಯಾನನ್ನು ತಾಯಿ ಹೆಗಲ ಮೇಲಿಂದ ಇಳಿಸಿ ಹೋದಳು. ಹುಡುಗ ಕೂತಲ್ಲೇ ವಾಲಿದ. ಕೆಂಚವ್ವ ಅವನ ರೆಪ್ಪೆ ಎತ್ತಿ ನೋಡಿದಳು. ಕಣ್ಣಿನ ಗೊಂಬೆ ಎಳ್ಳಿನ ಕಾಳಿನಷ್ಟಾಗಿತ್ತು, ಅಫೀಮು ಹೆಚ್ಚಾದ ಗುರುತು. ಸಾತವ್ವ ಡಾಕ್ಟರರನ್ನು ಕರೆಯಲು ಆಳು ಕಳಿಸಿದಳು. ಅವರು ಊರಾಚೆ ಹೋಗಿದ್ದರು.

ಕೆಂಚವ್ವ ಹುಡುಗನ ಮುಖಕ್ಕೆ ತಣ್ಣೀರು ಎರಚಿದಳು. ಅಂಗೈಗಳನ್ನು ಹಸಿ ಕೆಮ್ಮಣ್ಣಿನಲ್ಲಿ ಅದ್ದಿ ಗೋಡೆಗೆ ಒತ್ತಿದಳು. "ಒತ್ತು ರಾಜ್ಯಾ. ಇನ್ನೊಂದು. ನೋಡು, ಇದು ನಿನ್ನ ಕೈ." ಅವನು ಜಾರಿದ. ಎತ್ತಿ ನಡೆಸಿದಳು, ಮತ್ತೆ ಒತ್ತಿದಳು. ಉಸಿರು ನಿಧಾನವಾದಾಗ ಅಂಗಾಲು ಉಜ್ಜಿ ಹೆಸರು ಹಿಡಿದು ಕೂಗಿದಳು. ಕೂಗುವಾಗ ಕೆಲವು ಸಲ ಬಾಯಿಗೆ ಬಂದ ಹೆಸರು ಕಾಶಿ. ಗೋಡೆಯ ಕೆಳಗಿನ ಸಾಲೆಲ್ಲ ಒಂದರ ಮೇಲೊಂದು ಬಿದ್ದ ಕೈಗಳಿಂದ ಕೆಂಪು ಬಳಿದಂತಾಯಿತು. ಡಾಕ್ಟರರು ಬಂದು ಔಷಧ ಕೊಟ್ಟಾಗ ಹುಡುಗ ಇನ್ನೂ ನಿಂತಿದ್ದ. ಸಂಜೆಯ ಹೊತ್ತಿಗೆ ಚೀರಿ ಅತ್ತ.

ಕೆಲಸ ಬಿಟ್ಟು ಬಂದ ಶಿವವ್ವ ಮಗನನ್ನು ಎತ್ತಿಕೊಂಡಳು. "ಕೆಮ್ಮು ಇತ್ತು ಅಂತ ಎರಡು ಗುಳಿಗಿ ಹಾಕಿದ್ನೆವ್ವಾ. ದಿನಾ ಎಲ್ಲಾರೂ ಹಾಕ್ತಾರಲ್ಲ!"

"ನಾನೂ ಹಾಕಿದ್ದೆ," ಎಂದಳು ಕೆಂಚವ್ವ, ನೆರೆದ ಹೆಂಗಸರೆಲ್ಲ ಕೇಳುವಂತೆ. "ಕಾಶಿಗೆ ಥಂಡಿ ಬಡಿಲಿಲ್ಲ. ನಾ ಹಾಕಿದ್ದೆ."

ಹೆಂಗಸರು ಒಬ್ಬೊಬ್ಬರಾಗಿ ಮಕ್ಕಳನ್ನು ಎತ್ತಿಕೊಂಡು ಹೋದರು.

ಮಾತು ಅವಳಿಗಿಂತ ಮುಂಚೆ ಚಾಳು ಮುಟ್ಟಿತ್ತು. ಮುರಿಗೆಪ್ಪ ಹೊಸ್ತಿಲಲ್ಲಿ ಕೂತಿದ್ದ. ಅವಳು ಒಲೆ ಹಚ್ಚಿ ರೊಟ್ಟಿ ಬಡಿಯತೊಡಗಿದಳು. ಅವನು ಅಲ್ಲಿಂದಲೇ, "ನನಗ ಗೊತ್ತಿತ್ತು," ಎಂದ. "ಅಂಗಡಿಯಿಂದ ಅಫೀಮು ತಂದು ಕೊಟ್ಟಾಂವ ಯಾರು? ಆ ದಿನ ಡಬ್ಬಿ ನೋಡಿದೆ, ದಿನಕ್ಕಿಂತ ಹೆಚ್ಚು ಖರ್ಚಾಗಿತ್ತು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ನೀ ಬಿಡ್ತೀ ಅಂತ ಕಾಯ್ತಿದ್ದೆ. ನನಗೂ ಕೇಳಸ್ತೈತಿ ಕೆಂಚಿ, ಅಳೋದು. ಭಟ್ಟಿ ಬಾಗಲಾ ತೆಗದಾಗೆಲ್ಲಾ."

ಅವಳು ರೊಟ್ಟಿ ಬಿಟ್ಟು ಅವನ ಪಕ್ಕ ಬಂದು ಕೂತಳು. ಹಂಚಿನ ಮೇಲಿನ ರೊಟ್ಟಿ ಸುಟ್ಟಿತು.

ಶಿವವ್ವ ಮತ್ತೆಂದೂ ಗುಳಿಗೆ ಮುಟ್ಟಲಿಲ್ಲ. ಕೆಲವರು ಅವಳಂತೆ ಬಿಟ್ಟರು, ಕೆಲವರು ಕದ್ದು ಹಾಕುತ್ತಲೇ ಇದ್ದರು. ಸಾತವ್ವ ತೀರಿಕೊಂಡ ಮೇಲೆ ಖೋಲಿ ಪೂರ್ತಿ ಕೆಂಚವ್ವನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಪ್ರತಿ ಮಗುವಿನ ಕಣ್ಣು ನೋಡಿಯೇ ಒಳಗೆ ಬಿಡುತ್ತಿದ್ದಳು. ಅವಳಿಗೆ ಬೇರೆ ಮಕ್ಕಳಾಗಲಿಲ್ಲ. ಮುರಿಗೆಪ್ಪ ಊಟದ ಬಿಡುವಿನಲ್ಲಿ ಬುತ್ತಿ ಹಿಡಿದು ಅಲ್ಲಿಗೇ ಬರತೊಡಗಿದ. ಇಬ್ಬರೂ ಕಟ್ಟೆಯ ಮೇಲೆ ಕೂತು ಉಣ್ಣುವಾಗ ಒಮ್ಮೊಮ್ಮೆ ಒಟ್ಟಿಗೇ ಕೈ ನಿಲ್ಲಿಸಿ ಆ ಅಳುವಿಗೆ ಕಿವಿಗೊಡುತ್ತಿದ್ದರು.